ಸೊನ್ನೆ ಬಿಲ್ಲು

ಕರೆಂಟ್ ಬಿಲ್ಲಿನ ಕೊನೆಯಲ್ಲಿ ಸೊನ್ನೆ ಇತ್ತು. ಹೊಸಮನೆಯ ಆ ಬೀದಿಯಲ್ಲಿ ಸೊನ್ನೆ ಯಾರಿಗೂ ಹೊಸದಲ್ಲ. ಕರೀಮಾಬಿಯ ಮನೆಗೆ ಮಾತ್ರ, ಗಂಡ ಅಬ್ಬಾಸ್ ಅಲಿಯ ಮೂಗಿಗೆ ಆಕ್ಸಿಜನ್ ಮೆಷಿನ್ನಿನ ನಳಿಗೆ ಏರಿದ ಮೇಲೆ, ಅದು ಬಂದಿರಲಿಲ್ಲ.

ಸರ್ಕಾರ ಕೊಡುವ ಉಚಿತ ಯೂನಿಟ್ಟು ಎಲ್ಲರಿಗೂ ಒಂದೇ ಅಲ್ಲ. ಹಿಂದೆ ಯಾರು ಎಷ್ಟು ಉರಿಸುತ್ತಿದ್ದರೋ ಅದರ ಸರಾಸರಿಯ ಮೇಲೆ ಲೆಕ್ಕ. ಎದುರುಮನೆಯ ಜಯಪ್ಪ ಎ.ಸಿ., ಗೀಸರು ಅಂತ ಧಾರಾಳವಾಗಿ ಉರಿಸಿದ್ದ, ಅವನ ಪಾಲು ದೊಡ್ಡದಾಯಿತು. ಕರೀಮಾಬಿ ಒಂದು ಕೋಣೆಯ ಲೈಟು ಆರಿಸಿಯೇ ಇನ್ನೊಂದಕ್ಕೆ ಹೋಗುವವಳು, ಅವಳದು ಸಣ್ಣದು. ಕರೆಂಟ್ ಆಫೀಸಿನ ಕೌಂಟರಿನಲ್ಲಿ ಕೇಳಿದ್ದಕ್ಕೆ ನಿಯಮ ಮಾಡಿದ್ದು ನಾವಲ್ಲ ಎಂದಿದ್ದರು. ಆ ಪಾಲು ಮೀರಿ ಮೆಷಿನ್ನು ಎಳೆದ ಕರೆಂಟಿಗೆಲ್ಲ ಅವಳು ಶಂಕರಘಟ್ಟದ ಹಾಸ್ಟೆಲ್ಲಿನಲ್ಲಿ ಚಪಾತಿ ಲಟ್ಟಿಸಿದ ಸಂಬಳದಿಂದ ಕಟ್ಟುತ್ತಿದ್ದಳು.

ಅಬ್ಬಾಸ್ ಅಲಿ ಭದ್ರಾವತಿಯ ಶೆಡ್ಡೊಂದರಲ್ಲಿ ವೆಲ್ಡಿಂಗ್ ಮಾಡಿ ಶ್ವಾಸಕೋಶ ಕಳೆದುಕೊಂಡವನು. ಸೋಲಾರ್ ಪ್ಯಾನೆಲ್ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು ಅವನ ಕೆಲಸ. ಜಯಪ್ಪನ ತಾರಸಿಯ ಮೇಲಿರುವುದೂ ಅವನ ಕೈಯದೇ. ಮಂಚದಿಂದ ಕಿಟಕಿಯಲ್ಲಿ ಅದು ಕಾಣುತ್ತಿತ್ತು.

ಕರೀಮಾಬಿಗೆ ಅಂದು ರಜೆ. ಸೊನ್ನೆ ನೋಡಿ ಸಂಜೆಗೆ ಮೀನು ತರಬಹುದು ಎಂದುಕೊಂಡಳು. ಮೀಟರ್ ಓದುವ ವೀಣಾ ಗೇಟು ದಾಟಿದವಳು ತಿರುಗಿ ನಿಂತಳು.

"ಮೆಷಿನ್ ವಾಪಸ್ ಕೊಟ್ರಾ ಚಾಚಿ? ಚಾಚಾ ಹುಷಾರಾದ್ರಾ?"

ಹೂಂ ಎಂದು ಅವಳನ್ನು ಕಳಿಸಿದ ಮೇಲೆ ಕರೀಮಾಬಿ ಬಿಲ್ಲನ್ನು ಮತ್ತೆ ನೋಡಿದಳು. ಒಳಗೆ ಮೆಷಿನ್ನು ಗುಂಯ್‌ಗುಡುತ್ತಿತ್ತು. ಅವಳು ಮನೆಯಲ್ಲಿದ್ದಾಗ ಗುಂಯ್‌ಗುಡುತ್ತಲೇ ಇರುತ್ತಿತ್ತು. ಈಚೆಗೆ ಸಂಜೆ ಬಂದಾಗ ಅವನ ತುಟಿ ನೀಲಿಯಾಗಿರುತ್ತಿತ್ತು. ಚಳಿಗೆ ಅಂದುಕೊಂಡು ಹೊದಿಕೆ ಹೊದಿಸಿದ್ದಳು.

ಅಡುಗೆಮನೆಗೆ ಹೋಗಿ ಬಿಲ್ಲನ್ನು ಒಲೆಗೆ ಹಿಡಿದು, ಬೂದಿಯ ಮೇಲೆ ನೀರು ಬಿಟ್ಟಳು.

"ಬಿಲ್ ಎಷ್ಟು ಬಂತು?" ಅಬ್ಬಾಸ್ ಅಲಿ ಕೂಗಿ ಕೇಳಿದ. ಪರೀಕ್ಷೆ ಬರೆದು ಬಂದವನ ಆತುರ ಆ ದನಿಯಲ್ಲಿತ್ತು.

"ಹೋದ ತಿಂಗಳಷ್ಟೇ."

"ಅದು ಹೇಗೆ? ನಾನು ಹಗಲೆಲ್ಲ..." ಅವನು ಅಲ್ಲಿಗೇ ನಿಲ್ಲಿಸಿದ.

ಅವಳು ಕೇಳಿಸದವಳಂತೆ ಪಾತ್ರೆ ಉಜ್ಜಿದಳು. "ಆ ಮೀಟರ್ ಹಾಗೇ ರೀ. ಉರಿಸಿದ್ರೂ ಓಡುತ್ತೆ, ಆರಿಸಿದ್ರೂ ಓಡುತ್ತೆ."

ಅವನು ಮೀಟರಿನ ಕಂಪನಿಯವರನ್ನು, ಅವರ ಅಪ್ಪನನ್ನು, ಅಜ್ಜನನ್ನು ಬೈದ. ಉಸಿರು ಸಾಲದೆ ಅಜ್ಜನ ಅಪ್ಪನವರೆಗೆ ಹೋಗಲಾಗಲಿಲ್ಲ. ಸುಧಾರಿಸಿಕೊಂಡು ನಕ್ಕ.

"ಹಾಗಾದ್ರೆ ಸುಮ್ನೆ ಯಾಕೆ ಸಾಯ್ಲಿ," ಎಂದು ನಳಿಗೆಯನ್ನು ಸರಿಮಾಡಿಕೊಂಡ.

ಮುಂದಿನ ತಿಂಗಳು ಬಿಲ್ಲು ನಿಜವಾಗಿ ಬರುತ್ತದೆ. ಹಾಸ್ಟೆಲ್ಲಿನಲ್ಲಿ ರಾತ್ರಿ ಊಟದ ಕೆಲಸಕ್ಕೂ ಜನ ಬೇಕಿತ್ತು, ನಾಳೆಯೇ ವಾರ್ಡನ್ನರನ್ನು ಕೇಳಬೇಕು. ಆಮೇಲೆ ಕೊನೆಯ ಬಸ್ಸಿಗೆ ಅವಳು ಬರುವ ತನಕ ಅವನು ಒಬ್ಬನೇ. ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ನೋಡಿದಳು. ಮೆಷಿನ್ನಿನ ಸ್ವಿಚ್ಚು ಅವನ ತಲೆದಿಂಬಿನ ಪಕ್ಕದಲ್ಲೇ ಇತ್ತು.