ಮೆತ್ತನೆ ಗೊರಕೆಯ ಮೂವರು

ಮೊಮ್ಮಗಳು ಹುಟ್ಟಿದ ಮೇಲೆ ಮನೆ ತುಂಬ ನೆಂಟರು. ರಾತ್ರಿ ಮಗಳ ಕೋಣೆಯಲ್ಲಿ ಮಲಗಿ ಮಗು ನೋಡಿಕೊಳ್ಳುತ್ತೇವೆ ಎನ್ನುವವರೇ ಎಲ್ಲ. ಅಲ್ಲಿ ಜಾಗವಿದ್ದದ್ದು ಮೂರೇ ಹಾಸಿಗೆಗೆ; ಜೋರು ಗೊರಕೆ ಕೇಳಿದರಂತೂ ಮಗು ಬೆಚ್ಚಿಬೀಳುತ್ತಿತ್ತು. ತಾತನಿಗೆ ಮೊಮ್ಮಗಳ ಪಕ್ಕವೇ ಮಲಗಬೇಕೆಂದು ಒಂದೇ ಹಟ. ಕಷ್ಟವೆಂದರೆ, ಅವರು ಕಣ್ಣು ಮುಚ್ಚಿದರೆ ಕಿಟಕಿ ಗಾಜು ನಡುಗುತ್ತಿತ್ತು.

"ಎಲ್ಲರ ಗೊರಕೆನೂ ಕೇಳಿ, ಮೆತ್ತಗಿರೋದರಿಂದ ಹಿಡಿದು ಜೋರಾಗಿರೋದರವರೆಗೆ ನಂಬರ್ ಕೊಟ್ಟುಬಿಡೋಣ ಅತ್ತೆ," ಎಂದ ಅಳಿಯ.

"ಕೊನೇ ನಂಬರ್ ಬಂದೋರು ನಾಳೆನೇ ಗಂಟುಮೂಟೆ ಕಟ್ತಾರೆ," ಎಂದರು ಅಜ್ಜಿ. "ಬೇಕಿರೋದು ಮೂರು ಜನ. ಮಿಕ್ಕೋರಲ್ಲಿ ಯಾರದು ಹೆಚ್ಚು ಯಾರದು ಕಮ್ಮಿ, ಅದನ್ನ ಕಟ್ಕೊಂಡು ನಮಗೇನಾಗಬೇಕು?"

ಮಧ್ಯಾಹ್ನ ಊಟವಾಗಿ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಉರುಳಿಕೊಂಡರು. ಅಜ್ಜಿ ಮೊದಲ ಮೂವರಿಗೆ ಒಂದೊಂದು ಶಾಲು ಹೊದಿಸಿದರು. ಆ ಮೂವರಲ್ಲಿ ಜೋರು ಯಾರದೆಂದು ಕೇಳಿಸಿಕೊಂಡು, ಮುಂದಿನವರ ಗೊರಕೆಯನ್ನು ಅದೊಂದರ ಜೊತೆ ಮಾತ್ರ ಹೋಲಿಸಿದರು. ಹೊಸದು ಮೆತ್ತಗಿದ್ದರೆ ಶಾಲು ಅಲ್ಲಿಂದ ಇಲ್ಲಿಗೆ, ಮೂವರಲ್ಲಿ ಈಗ ಜೋರು ಯಾರದೆಂದು ಮತ್ತೆ ಕಿವಿಗೊಡುವುದು. ಇಲ್ಲದಿದ್ದರೆ ಸುಮ್ಮನೆ ಮುಂದಕ್ಕೆ.

ಸಾಲಿನ ತುದಿಯಲ್ಲಿದ್ದ ತಾತ ಒಂದು ಕಣ್ಣನ್ನು ಎಳೆಯಷ್ಟು ತೆರೆದು ಎಲ್ಲ ನೋಡುತ್ತಿದ್ದರು. ನಿದ್ದೆಯನ್ನೇ ಮಾಡದಿದ್ದರೆ ಗೊರಕೆ ಎಲ್ಲಿಂದ ಬರಬೇಕು? ಅಜ್ಜಿ ಹತ್ತಿರ ಬಂದಾಗ ಬೆಕ್ಕಿನ ಹಾಗೆ ಉಸಿರಾಡಿದರು. ಅಜ್ಜಿ ಬಗ್ಗಿ ತುಂಬ ಹೊತ್ತು ಕೇಳಿದರು. ಆಮೇಲೆ ಬೀಗರ ಮೇಲಿದ್ದ ಶಾಲು ತಾತನ ಮೇಲೆ ಬಂತು. ತಾತ ಒಳಗೊಳಗೇ ಹಿಗ್ಗಿದರು.

ರಾತ್ರಿ ಮಗುವಿನ ಪಕ್ಕ ಮಲಗಿದ ಮೇಲೆ ಅವರಿಗೆ ಹೊಳೆಯಿತು: ರೆಪ್ಪೆ ಅಂಟಿದರೆ ಬಣ್ಣ ಬಯಲು. ಹಾಗಾಗಿ ಮಗು ಮುಲುಗಿದಾಗೆಲ್ಲ ಎದ್ದವರು ಅವರೇ, ಹೆಗಲಿಗೆ ಹಾಕಿಕೊಂಡು ತಿರುಗಿದವರು ಅವರೇ, ಒದ್ದೆ ಬಟ್ಟೆ ಬದಲಿಸಿದವರೂ ಅವರೇ. ಶಾಲು ಹೊದ್ದ ಇನ್ನಿಬ್ಬರು ಕದಲಲೂ ಇಲ್ಲ.

ಬೆಳಿಗ್ಗೆ ತಾತ ಕೆಂಪು ಕಣ್ಣು ಹೊತ್ತು ಅಡುಗೆಮನೆಗೆ ಬಂದರು. "ನೋಡೇ, ನಿನ್ನೆ ನಿದ್ದೆ ಬಂದ ಹಾಗೆ ನಾಟಕ ಆಡಿದ್ದೆ. ಆ ಶಾಲು ಬೀಗರಿಗೇ ಕೊಟ್ಟುಬಿಡು."

"ಗೊತ್ತು ರೀ," ಅಜ್ಜಿ ಚಹಾ ಸೋಸುತ್ತಲೇ ಹೇಳಿದರು. "ಇಷ್ಟು ವರ್ಷ ಕೇಳಿದೀನಿ, ನಿಮ್ಮ ಗೊರಕೆ ನಂಗೊತ್ತಿಲ್ವಾ? ಮೆತ್ತಗೆ ಮಲಗೋರು ಇಬ್ಬರು ಸಾಕಿತ್ತು. ಎದ್ದಿರೋಕೆ ಒಬ್ಬರು ಬೇಕಿತ್ತು."

ತಾತನಿಗೆ ಸಿಟ್ಟು ಬಂತು. ಕೋಣೆಯೊಳಗೆ ಇಣುಕಿದರು. ಹೆರಿಗೆಯಾದಾಗಿನಿಂದ ಕಣ್ಣು ಮುಚ್ಚಿರದ ಮಗಳು ಮೈಮರೆತು ಮಲಗಿದ್ದಳು. ಸಿಟ್ಟು ಹಾಗೇ ಇಳಿಯಿತು.

ಶಾಲನ್ನು ಹೆಗಲಿಗೆ ಹಾಕಿಕೊಂಡು ಹೇಳಿದರು, "ರಾತ್ರಿಗೆ ಫ್ಲಾಸ್ಕಲ್ಲಿ ಚಹಾ ತುಂಬಿಡು. ಸ್ವಲ್ಪ ಗಟ್ಟಿಯಾಗಿರಲಿ."