ಊದುಬತ್ತಿಯ ಬೂದಿ

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರ ಮೇಜಿನ ಮೇಲೆ ಬಿಡಿಭಾಗಗಳನ್ನು ಜೋಡಿಸಿದಾಗ ಹುಟ್ಟಿದೆ. ಮೊದಲ ಮೂರು ವರ್ಷ ಸೈಬರ್ ಸೆಂಟರಿನಲ್ಲಿ ದುಡಿದೆ. ಅಲ್ಲಿ ಬೈಯುತ್ತಿದ್ದರು, ಗುದ್ದುತ್ತಿದ್ದರು. ಆದರೆ ತಿಂಗಳಿಗೊಮ್ಮೆ ಬಿಚ್ಚಿ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದರು. ಅದೇ ನನ್ನ ಸುಖದ ಕಾಲವೆಂದು ಆಗ ತಿಳಿಯಲಿಲ್ಲ.

ಸೆಂಟರ್ ಮುಚ್ಚಿದಾಗ ಮಾಲೀಕ ನನ್ನನ್ನು ಸಣ್ಣ ಊರೊಂದರ ರಕ್ತದಾನಿಗಳ ಸಂಘಕ್ಕೆ ಕೊಟ್ಟ. ಅದರ ಕಾರ್ಯದರ್ಶಿ ಈರಪ್ಪ, ನಿವೃತ್ತ ಬಸ್ ಕಂಡಕ್ಟರ್. ಸೈಕಲ್ಲಿನಲ್ಲಿ ಓಣಿ ಓಣಿ ಸುತ್ತಿ ಆರುನೂರು ಜನರ ಹೆಸರು, ರಕ್ತದ ಗುಂಪು, ಫೋನ್ ನಂಬರ್ ಬರೆದು ತಂದರು. ಎಲ್ಲವನ್ನೂ ನನ್ನೊಳಗೆ ತುಂಬಿಸಿ ಚೀಟಿಗಳನ್ನು ಹರಿದುಹಾಕಿದರು. ಇಷ್ಟು ಒಳ್ಳೆಯ ಮನುಷ್ಯನ ಕೈಗೆ ಸಿಕ್ಕೆನಲ್ಲ ಎಂದು ಬೀಗಿದೆ.

ಅವರಿಗೆ ನಾನು ದೇವರು. ಚಪ್ಪಲಿ ಹೊರಗೆ ಬಿಟ್ಟೇ ಬರಬೇಕು. ಆಯುಧಪೂಜೆಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ದಿನವೂ ನನ್ನ ಫ್ಯಾನಿನ ಪಕ್ಕದಲ್ಲೇ ಊದುಬತ್ತಿ. ಬೂದಿಯೆಲ್ಲ ನನ್ನ ಹೊಟ್ಟೆಗೆ. ಈ ದೇವರಿಗೆ ಉಸಿರಾಡಲು ಗಾಳಿ ಬೇಕೆಂಬುದು ಭಕ್ತರಿಗೆ ಹೊಳೆಯಲಿಲ್ಲ.

ಮೈ ಕಾದರೆ ನಾನು ಮಂದವಾಗುತ್ತೇನೆ; ತೀರಾ ಕಾದರೆ ಸುಟ್ಟುಹೋಗದಿರಲೆಂದು ನಾನಾಗಿಯೇ ಆರಿಹೋಗುತ್ತೇನೆ. ಸಂಘದಲ್ಲಿ ಟೈಪು ಮಾಡುವ ಶೈಲಾ ಇದನ್ನು ಗುರುತಿಸಿದಳು.

"ಕಾಕಾ, ಒಮ್ಮೆ ಬಿಚ್ಚಿಸಿ ಧೂಳ ತೆಗಸ್ರಿ. ಪಟ್ಟೀದೂ ಇನ್ನೊಂದ ಪ್ರತಿ ಇಟ್ಕೊಳ್ಳೋಣು."

"ಪೂಜಿ ಮಾಡಿದ್ದನ್ನ ಬಿಚ್ಚಬಾರದವಾ," ಎಂದರು ಈರಪ್ಪ. "ನಡದೈತಲ್ಲ, ನಡೀಲಿ."

ಏಪ್ರಿಲಿನ ಒಂದು ಮಧ್ಯಾಹ್ನ ಬಡಗಿ ದಾವಲಸಾಬ ಓಡಿಬಂದ. ಹೆಂಡತಿಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ಆಸ್ಪತ್ರೆಯಲ್ಲಿ ಇಲ್ಲ ಎಂದ. ಶೈಲಾ ನನ್ನನ್ನು ಚಾಲೂ ಮಾಡಿದಳು. ಪಟ್ಟಿ ತೆರೆಯುವಷ್ಟರಲ್ಲಿ ಆರಿಹೋದೆ. ಮತ್ತೆ ಚಾಲೂ ಮಾಡಿದಳು, ಮತ್ತೆ ಆರಿದೆ. ಈರಪ್ಪನವರಿಗೆ ಹೆಸರುಗಳು ನೆನಪಾದವು, ಯಾರದು ಯಾವ ಗುಂಪೆಂಬುದು ನೆನಪಾಗಲಿಲ್ಲ. ನನ್ನ ಮುಂದೆ ಇನ್ನೊಂದು ಊದುಬತ್ತಿ ಹಚ್ಚಿದರು.

"ಒಂದ ಹೆಸರ ಹೇಳ್ರಿ ಸಾಕು, ನಾ ಓಡಿಹೋಗಿ ಕರ್ಕೊಂಡ ಬರ್ತೇನಿ," ಎಂದ ದಾವಲಸಾಬ.

ಆರುನೂರು ಹೆಸರು ಹೊಟ್ಟೆಯಲ್ಲಿಟ್ಟುಕೊಂಡು ನಾನು ಒಂದನ್ನೂ ಹೇಳಲಿಲ್ಲ. ಜಿಲ್ಲಾ ಕೇಂದ್ರದಿಂದ ರಕ್ತ ಬರುವಷ್ಟರಲ್ಲಿ ಆಕೆ ತೀರಿಕೊಂಡಿದ್ದಳು. ಮಗು ಉಳಿಯಿತು.

ಮರುದಿನ ಶೈಲಾ ಯಾರನ್ನೂ ಕೇಳದೆ ನನ್ನನ್ನು ರಿಪೇರಿ ಅಂಗಡಿಗೆ ಒಯ್ದಳು. ಈರಪ್ಪನವರೂ ಹಿಂದೆಯೇ ಬಂದರು. ರಿಪೇರಿಯವನು ನನ್ನೊಳಗಿಂದ ಹಿಡಿಯಷ್ಟು ಬೂದಿ, ಒಣಗಿದ ಹೂವಿನ ಎಸಳು ತೆಗೆದ. ಹತ್ತು ನಿಮಿಷದ ಕೆಲಸ. ಪಟ್ಟಿ ತಟ್ಟನೆ ತೆರೆಯಿತು. ಓ ನೆಗೆಟಿವ್ ನಾಲ್ವರಿದ್ದರು. ಮೊದಲನೆಯವನ ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲೇ. ಈರಪ್ಪ ಆ ಸಾಲನ್ನು ಬೆರಳಿಟ್ಟು ಓದಿದರು, ಮತ್ತೆ ಓದಿದರು.

ಈಗ ಪಟ್ಟಿ ಹೊಸ ಯಂತ್ರದಲ್ಲಿದೆ, ಶೈಲಾಳ ಕಪಾಟಿನಲ್ಲಿ ಕಾಗದದ ಮೇಲೂ ಇದೆ. ನಾನು ಸಂಘದ ಮೂಲೆಯಲ್ಲಿದ್ದೇನೆ. ಯಾರೂ ಊದುಬತ್ತಿ ಹಚ್ಚುವುದಿಲ್ಲ. ಈಗ ಯಾವ ಕೆಲಸವೂ ಇಲ್ಲದ ನನ್ನನ್ನು ಈರಪ್ಪ ದಿನವೂ ಬಿಚ್ಚಿ ಬ್ರಷ್ಷಿನಿಂದ ಗುಡಿಸುತ್ತಾರೆ. ಗುಡಿಸುತ್ತ ಆ ಮೊದಲನೆಯವನ ಫೋನ್ ನಂಬರನ್ನು ಬಾಯಿಪಾಠ ಹೇಳಿಕೊಳ್ಳುತ್ತಾರೆ. ಒಂದು ಅಂಕಿಯೂ ತಪ್ಪುವುದಿಲ್ಲ.