ಡಮಾಮಿ ಸಡಿಲಾಗುವ ಮೊದಲು

೧

ಇದನ್ನು ಎಲ್ಲಿಂದ ಶುರು ಮಾಡುವುದು? ಹುಡುಗರ ತಾಳ್ಮೆಯೂ ಹುಡುಗಿಯರ ತಾಳ್ಮೆಯೂ ಬೆಳೆಯುತ್ತ ಬೆಳೆಯುತ್ತ ಹೇಗೆ ಬೇರೆಯಾಗುತ್ತವೆ ಎಂದು ಬರೆಯಲು ಕೂತಿದ್ದೇನೆ. ಬಿ.ಎಸ್ಸಿ. ಓದಿದವನು, ಹಾಗಾಗಿ ಮೊದಲು ಹೊಳೆದದ್ದು ಪ್ರಯೋಗ. ಒಬ್ಬ ಹುಡುಗ, ಒಬ್ಬ ಹುಡುಗಿ. ವಯಸ್ಸು ಒಂದೇ, ಮನೆ ಒಂದೇ, ಊಟ ಒಂದೇ ಇರಬೇಕು. ಅಂದರೆ ಅವಳಿ. (ಕಥೆಗಾರನಿಗೆ ಅವಳಿ ಹೆರುವುದು ಎಷ್ಟು ಸುಲಭ ನೋಡಿ.)

ಹೆಸರು ಅಂತೋನಿ, ಜೆಸ್ಸಿಕಾ. ಮಳಗಿ ಹತ್ತಿರದ ಸಿದ್ದಿಗಳ ಕೇರಿ. ತಾಯಿ ಇಜಾಬೆಲ್ ಗದ್ದೆ ಕೂಲಿಗೆ ಹೋಗುತ್ತಾಳೆ. ಅವಳ ಅಣ್ಣ ಲುಯಿಸ್ ಡಮಾಮಿ ತಂಡದ ಮುಖ್ಯಸ್ಥ. ಡಮಾಮಿ ಎಂದರೆ ಎರಡೂ ಕಡೆ ಚರ್ಮ ಬಿಗಿದ, ಕೊರಳಿಗೆ ಹಾಕಿಕೊಂಡು ಬಾರಿಸುವ ವಾದ್ಯ. ಇಷ್ಟು ಜನ ಸಾಕು.

೨ (ಕೈಬಿಟ್ಟ ಡ್ರಾಫ್ಟ್)

ಆರು ವರ್ಷದ ಇಬ್ಬರೂ ಒಲೆಯ ಮುಂದೆ. ಕೆಂಡದಲ್ಲಿ ಹಲಸಿನ ಬೀಜ. ಅದಕ್ಕಾಗಿ ಇಬ್ಬರ ರಂಪದ ಪ್ರಮಾಣ ಸಮ. ಇಜಾಬೆಲ್ ಮೊದಲು ಬೆಂದ ಬೀಜವನ್ನು ಊದಿ ಅಂತೋನಿಯ ಅಂಗೈಗೆ ಹಾಕಿದಳು. ಮಗಳ ತಲೆ ಸವರಿ, "ತಡಿಯವ್ವ, ನೀ ಶಾಣ್ಯಾಕಿ ಅದಿ," ಎಂದಳು. ಜೆಸ್ಸಿಕಾ ಸುಮ್ಮನಾದಳು.

(ಸುಳ್ಳು. ಅವಳು ಇನ್ನೂ ಜೋರಾಗಿ ಅತ್ತಳು. ಕಥೆಗೆ ಸುಮ್ಮನಿರುವ ಹುಡುಗಿ ಬೇಕಿತ್ತು, ಡೇಟಾ ತಿದ್ದಿದೆ. ಈ ಡ್ರಾಫ್ಟ್ ಬಿಡಿ. ಬೀಜ ಮಾತ್ರ ನೆನಪಿರಲಿ.)

೩

ಈಗ ಇಬ್ಬರಿಗೂ ಹದಿನಾರು. ಈ ಸಂಜೆ ಮುಂಡಗೋಡಿನಲ್ಲಿ ಕಾರ್ಯಕ್ರಮ. ಅಂಗಳದಲ್ಲಿ ಒಣಹುಲ್ಲಿನ ಉರಿ. ತೇವ ಹೀರಿದ ಚರ್ಮ ಸಡಿಲಾಗುತ್ತದೆ, ದನಿ ಸಾಯುತ್ತದೆ. ಉರಿಗೆ ಹಿಡಿದರೆ ಮತ್ತೆ ಬಿಗಿಯಾಗುತ್ತದೆ. ದೂರ ಹಿಡಿದರೆ ಕಾಯದು, ಹತ್ತಿರ ಹಿಡಿದರೆ ಸುಡುತ್ತದೆ. ತಿರುಗಿಸುತ್ತ, ಉಗುರಿನಿಂದ ತಟ್ಟಿ ಕೇಳುತ್ತ ಇರಬೇಕು. ಚಿಕ್ಕವಳಿದ್ದಾಗಿನಿಂದ ಇದು ಜೆಸ್ಸಿಕಾಳ ಕೆಲಸ.

ಅಂತೋನಿಯೂ ಒಮ್ಮೆ ಕಾಸಲು ಹೋಗಿ ಚರ್ಮ ಸುಟ್ಟಿದ್ದ. ಎಲ್ಲರೂ ನಕ್ಕು, "ಗಂಡು ಹುಡುಗರಿಗೆ ಎಲ್ಲೀ ತಾಳ್ಮಿ," ಎಂದು ಅವನಿಗೆ ಬಾರಿಸುವುದನ್ನು ಕಲಿಸಿದರು. (ತಪ್ಪಿಗೆ ಬಡ್ತಿ.) ಜೆಸ್ಸಿಕಾ ಒಮ್ಮೆಯೂ ಸುಡಲಿಲ್ಲ. ಹಾಗಾಗಿ ಕಾಸುತ್ತಲೇ ಇದ್ದಾಳೆ. ಬಾರಿಸುವುದನ್ನು ಬೋರಲು ಹಾಕಿದ ಪ್ಲಾಸ್ಟಿಕ್ ಕೊಡ ಬಡಿಯುತ್ತ ತಾನೇ ಕಲಿತಳು. ಇಡೀ ಕೇರಿಗೆ ಗೊತ್ತು.

ಇಂದು ಬೆಳಿಗ್ಗೆ ಲುಯಿಸ್ ಬೈಕಿನಿಂದ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ಮುಖ್ಯ ಡಮಾಮಿಗೆ ಇನ್ನೊಬ್ಬರ ಕೈ ಬೇಕಾಯಿತು.

"ಅಂತೋನಿ ಬಾರಸಲಿ," ಎಂದು ಲುಯಿಸ್ ಬಾರಿಸುವ ಕೋಲನ್ನು ಅಳಿಯನಿಗೆ ಕೊಟ್ಟ.

"ಮಾಮಾ, ಹ್ವಾದ ಸಲನೂ ಮುಂದಿನ ಸಲ ಅಂದಿದ್ರಿ," ಎಂದಳು ಜೆಸ್ಸಿಕಾ.

"ಈಗೂ ಅದನ್ನ ಅಂತೇನಿ. ಅವನ್ನ ಬಿಟ್ಟು ನಿನಗ ಕೊಟ್ರ ಅಂವ ಸಿಟ್ಟಿಲೆ ಗೋವಾಕ್ಕ ಓಡ್ತಾನ. ನೀ ಎಲ್ಲಿ ಓಡ್ತಿ? ನಿನಗ ತಾಳ್ಮಿ ಐತಿ."

"ಅಂದ್ರ ತಾಳ್ಮಿ ಇದ್ದಾಕಿ ಇನ್ನಷ್ಟು ತಡೀಬೇಕು. ಇಲ್ದಾಂವಗ ಈಗ ಬೇಕು."

"ಡಮಾಮಿಕ್ಕಿಂತ ನಿನ್ನ ಬಾಯಿನ ಜೋರ ಐತಿ ನೋಡು," ಎಂದು ಲುಯಿಸ್ ನಗುತ್ತ ಟೆಂಪೋ ಕಡೆ ಹೋದ.

ಜೆಸ್ಸಿಕಾ ತಲೆ ತಗ್ಗಿಸಿ, ಉರಿಗೆ ಇನ್ನಷ್ಟು ಹುಲ್ಲು ಹಾಕಿದಳು.

೪

"ಹಾಕಿಲ್ರಿ."

ನಾನು ಪೆನ್ನು ನಿಲ್ಲಿಸಿದೆ.

"ಯಾರನ್ನ ಕೇಳಿ ನನ್ನ ತಲಿ ತಗ್ಗಿಸಿದ್ರಿ ಸರ?" ಎಂದಳು ಜೆಸ್ಸಿಕಾ, ನನಗೇ. "ನೀವು ಒಂದನೇ ನಂಬರ್ ಬರಿಯೂವಾಗಿಂದ ಈ ಹೊಗಿಯಾಗ ನಿಂತೇನಿ. ಅಂತೋನಿನ್ನ ಆಗಲೇ ಟೆಂಪೋದಾಗ ಕುಂಡ್ರಿಸೀರಿ."

ತಿರುಗಿ ನೋಡಿದೆ. ಹೌದು, ಅಂತೋನಿ ಕಿಟಕಿ ಪಕ್ಕದ ಸೀಟಿನಲ್ಲಿದ್ದ. ಅಲ್ಲಿ ಕೂರಿಸಿದ್ದು ನನಗೆ ತಿಳಿದೇ ಇರಲಿಲ್ಲ.

"ಒಳ್ಳೆಯ ಮುಕ್ತಾಯ ಕೊಡುತ್ತೇನೆ," ಎಂದೆ.

೫

ಮುಕ್ತಾಯ ಅ: ಅವಳು ಕಾಯುತ್ತಾಳೆ. ಕೊನೆಗೊಂದು ದಿನ ಮುದುಕ ಲುಯಿಸ್ ತಾನೇ ಡಮಾಮಿಯನ್ನು ಅವಳ ಕೊರಳಿಗೆ ಹಾಕುತ್ತಾನೆ. ಜನರ ಕಣ್ಣಲ್ಲಿ ನೀರು.

"ಅಷ್ಟೊತ್ತಿಗೆ ನನಗ ವಯಸ್ಸೆಷ್ಟ್ರಿ?"

"ನಲವತ್ತರ ಹತ್ತಿರ."

"ಅಲ್ಲೀತನಾ ಹುಲ್ಲು ಸುಡಕೋಂತ ಕುಂಡ್ರಲೇನು? ಬ್ಯಾಡ."

ಮುಕ್ತಾಯ ಆ: ವೇದಿಕೆಯ ಮೇಲೆ ಅಂತೋನಿ ತಾಳ ತಪ್ಪುತ್ತಾನೆ. ಜೆಸ್ಸಿಕಾ ಮುನ್ನುಗ್ಗಿ ತಂಡದ ಮಾನ ಉಳಿಸುತ್ತಾಳೆ.

"ಅಂವ ಛಲೋ ಬಾರಸ್ತಾನ್ರಿ," ಎಂದಳು. "ಅಂವ ಬಿದ್ರ ಮಾತ್ರ ನನಗ ಜಾಗಾ ಏನು?"

ಟೆಂಪೋದಿಂದ ಅಂತೋನಿಯೂ ತಲೆ ಹೊರಹಾಕಿದ. "ತಾಳ್ಮಿ ಇಲ್ಲ ಅಂತ ಬರದ್ರಿ, ಸುಮ್ನಿದ್ದೆ. ತಡಿ ಅಂತ ನನಗ ಒಬ್ರಾದ್ರೂ ಹೇಳ್ಯಾರೇನು? ಹೇಳಿ ನೋಡ್ರಿ, ಕೇಳ್ಲಿಲ್ಲಂದ್ರ ಆಮ್ಯಾಲೆ ಹಂಗ ಬರೀರಿ."

(ನನ್ನ ಪ್ರಯೋಗ ಇಲ್ಲಿಗೆ ಮುಗಿಯಿತು. ಮನೆ ಒಂದೇ, ಊಟ ಒಂದೇ ಎಂದು ಬರೆದಿದ್ದೆ. ಬೀಜ ಸಿಗುವ ಸರದಿ ಒಂದೇ ಆಗಿರಲಿಲ್ಲ.)

ಮುಕ್ತಾಯ ಇ: ತಾಯಿ ಬಂದು ತೀರ್ಪು ಕೊಡುತ್ತಾಳೆ. ಗದ್ದೆಯಿಂದ ಇಜಾಬೆಲ್‌ಳನ್ನು ಕರೆಸಿದೆ. ಕಾಲಲ್ಲಿ ಕೆಸರು. ಮಗಳನ್ನು ನೋಡಿದಳು, ಆಮೇಲೆ ನನ್ನನ್ನು.

"ತಡಿಯೂದು ಆಕಿಗೆ ನಾನ ಕಲಿಸೀನ್ರಿ. ಈಗ ತಡಿಬ್ಯಾಡ ಅಂತ ಹೆಂಗ ಹೇಳೂದು ಗೊತ್ತಾಗವಲ್ದು. ತಡಿ ಅಂತೂ ಅನ್ನಂಗಿಲ್ಲ. ಆಕಿನ್ನ ಕೇಳ್ರಿ."

೬

ಜೆಸ್ಸಿಕಾ ಉಗುರಿನಿಂದ ಚರ್ಮ ತಟ್ಟಿದಳು. ದನಿ ಗಟ್ಟಿಯಾಗಿ ಬಂತು.

"ಕಾದೈತಿ. ನೀವು ಇನ್ನ ಈ, ಉ, ಊ ಅಂತ ಬರಕೋಂತ ಕುಂತ್ರ ಮತ್ತ ಸಡಲ ಆಕ್ಕೈತಿ. ಚರ್ಮಕ್ಕ ತಾಳ್ಮಿ ಇಲ್ರಿ ಸರ."

ಇದನ್ನು ನಾನು ಅಲ್ಲಗಳೆಯಲಾರೆ. ಗಾಳಿಯ ತೇವ ಯಾರ ಸರದಿಗೂ ಕಾಯುವುದಿಲ್ಲ.

ಪ್ರತಿ ಸಲ ಡಮಾಮಿಯನ್ನು ಕಾಸಿ ಮಾವನ ಕೈಗೆ ಕೊಡುತ್ತಿದ್ದವಳು ಈ ಸಲ ಪಟ್ಟಿಯನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಟೆಂಪೋ ಹತ್ತಿ ಅಂತೋನಿಯ ಎದುರು ಕೂತಳು.

"ಕೊಡಿಲ್ಲಿ," ಎಂದ ಲುಯಿಸ್.

"ಇಲ್ಲ ಮಾಮಾ."

"ಜೆಸ್ಸಿ, ಮುಂದಿನ ಸಲ ಅಂದ್ನೆಲ್ಲ."

"ಹೂಂ. ಮುಂದಿನ ಸಲ ಅಂತೋನಿ. ಈ ಸಲ ಅಂವ ತಡೀಲಿ. ಕಲೀತಾನ."

ಡಮಾಮಿ ಅವಳ ಕೊರಳಲ್ಲಿ, ಕೋಲು ಅಂತೋನಿಯ ಮುಷ್ಟಿಯಲ್ಲಿ. ಅವನ ಮನಸ್ಸಿನೊಳಗೆ ಹೋಗಿ ನೋಡಬಹುದಿತ್ತು, ಕಥೆಗಾರನಿಗೆ ಆ ಹಕ್ಕಿದೆಯಂತೆ. ನಾನು ಹೋಗಲಿಲ್ಲ. ಟೆಂಪೋ ಹೊರಟಿತು, ನನ್ನನ್ನು ಹತ್ತಿಸಿಕೊಳ್ಳದೆ.

೭

ಅಂತೋನಿ ಕೋಲು ಕೊಟ್ಟನೇ? ಕೊಡದಿದ್ದರೆ ಅವಳು ಬರಿಗೈಯಲ್ಲೇ ಬಾರಿಸಿದಳೇ? ಲುಯಿಸ್ ದಾರಿಯಲ್ಲಿ ಡಮಾಮಿ ಕಸಿದುಕೊಂಡನೇ? ನೀವು ಕೇಳುತ್ತೀರಿ. ನಾನು ಆರುತ್ತಿರುವ ಬೂದಿಯ ಪಕ್ಕ ಕೂತಿದ್ದೇನೆ. ಬರೆಯುವುದಿಲ್ಲ. ಬರೆದರೆ ಮತ್ತೆ ಅವಳು ನನ್ನ ಒಪ್ಪಿಗೆಗಾಗಿ ನಿಲ್ಲಬೇಕಾಗುತ್ತದೆ.

ಸ್ವಲ್ಪ ತಡೆಯಿರಿ. ಹುಡುಗನಾಗಿ ಬೆಳೆದವರಿಗೆ ಈ ಮಾತು ಕೇಳಿ ಅಭ್ಯಾಸವಿರಲಿಕ್ಕಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಹುಡುಗಿಯಾಗಿ ಬೆಳೆದವರು ತಡೆಯಬೇಕಿಲ್ಲ. ಪುಸ್ತಕ ಮುಚ್ಚಿ ಓಡಿ. ಟೆಂಪೋ ಇನ್ನೂ ತಿರುವು ದಾಟಿಲ್ಲ.